ಎಲೆ ದೊಡ್ಡದೋ, ಎದೆ ದೊಡ್ಡದೋ?

ಕುಂದಾಪುರದಿಂದ ಬಾಳೆಬರೆ ಘಾಟಿಯತ್ತ ಸಾಗುವ ದಾರಿಯಲ್ಲಿ ಸಿದ್ದಾಪುರವೆಂಬ ಊರುಂಟು. ಆ ಸೀಮೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ತಾಳಮದ್ದಳೆಯ ಕೂಟಗಳು ಕಳೆಗಟ್ಟುತ್ತವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಸರ್ವಸ್ವ. ನುರಿತ ಅರ್ಥಧಾರಿಯು ಎದುರಾಳಿಯ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಕೂಡುವವನಲ್ಲ. ತಾನೇ ಮೊದಲು ಪ್ರಶ್ನೆಯೊಡ್ಡಿ, ಎದುರಾಳಿಯನ್ನು ಉತ್ತರಿಸುವ ಇಕ್ಕಟ್ಟಿಗೆ ತರುತ್ತಾನೆ. ಪಾಂಡಿತ್ಯದಲ್ಲಿ ಇಬ್ಬರೂ ಸಮಾನರಾದರೂ, ಪ್ರಶ್ನೆ ಯಾರದೋ ಪ್ರಸಂಗದ ಚುಕ್ಕಾಣಿ ಅವನದು.

ಜಗತ್ತಿನಲ್ಲೆಲ್ಲ ಹಬ್ಬಿರುವ ಪೋಕರ್ ಎಂಬ ಇಸ್ಪೀಟಿನಾಟದ ಗುಟ್ಟೂ ಇದೇ. 'ಇಸ್ಪೀಟೆಂದರೆ ಅದೃಷ್ಟ, ಒಳ್ಳೆಯ ಎಲೆ ಬಂದವನು ಗೆದ್ದ' ಎಂಬುದು ನಮ್ಮ ಮನೆಗಳಲ್ಲಿ ಸಾಮಾನ್ಯವಾದ ತಿಳಿವಳಿಕೆ. ಪೋಕರಿನ ಮಟ್ಟಿಗೆ ಅದು ಅರ್ಧ ಸತ್ಯವಷ್ಟೇ. ಉಳಿದರ್ಧ ಏನೆಂಬುದನ್ನು ವಾಚಕರು ಅರಿತುಕೊಳ್ಳುವುದು ಒಳ್ಳೆಯದು. ಆಟವಾಡಲಿಕ್ಕಲ್ಲದಿದ್ದರೂ, ಮನೆಯ ಮಕ್ಕಳು ಕೈಯಲ್ಲಿನ ಫೋನಿನಲ್ಲಿ ಏನನ್ನು ನೋಡುತ್ತಿದ್ದಾರೆಂದು ತಿಳಿಯಲಿಕ್ಕಾದರೂ.

ಈಗ ಹೆಚ್ಚು ಬಳಕೆಯಲ್ಲಿರುವ ಪೋಕರಿನ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಎಲೆ ಗುಟ್ಟಾಗಿ ಸಿಗುತ್ತದೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೊದಲು ಮೂರು, ಬಳಿಕ ಒಂದು, ಕೊನೆಗೆ ಒಂದು ಎಂದು ಮೇಜಿನ ಮೇಲೆ ತೆರೆದಿಡುತ್ತಾರೆ. ಈ ಏಳರಲ್ಲಿ ಅತ್ಯುತ್ತಮವಾದ ಐದೆಲೆಯ ಕಟ್ಟು ಯಾರದೋ ಅವನಿಗೆ ನಡುವಿನ ರಾಶಿ. ಆದರೆ ಎಲೆ ತೆರೆಯುವ ಮೊದಲೂ, ತೆರೆದ ಪ್ರತಿ ಹಂತದಲ್ಲೂ ಪಣವೊಡ್ಡುವ ಸರದಿ ಬರುತ್ತದೆ. ಸರದಿ ಬಂದವನು ಪಣ ಒಡ್ಡಬಹುದು. ಒಡ್ಡಿದ ಪಣವನ್ನು ಸರಿಗಟ್ಟಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸುಮ್ಮನೆ ಸರಿಗಟ್ಟುತ್ತ ಹೋಗುವವನು ಗೆಲ್ಲುವ ದಾರಿ ಒಂದೇ: ಕೊನೆಯಲ್ಲಿ ಅವನ ಎಲೆ ದೊಡ್ಡದಾಗಿರಬೇಕು. ಪಣ ಏರಿಸುವವನಿಗಾದರೋ ದಾರಿ ಎರಡು: ಅವನ ಎಲೆ ದೊಡ್ಡದಾದರೂ ಗೆಲುವು, ಎದುರಾಳಿ ಅಳುಕಿ ಎಲೆ ಕೆಳಗಿಟ್ಟರೂ ಗೆಲುವು. ಅಳುಕುವುದಕ್ಕೆ ಕಾರಣವೂ ಉಂಟು. ಜೊತೆಯಲ್ಲದ ಎರಡು ಬೇರೆ ಬೇರೆ ಎಲೆ ಕೈಯಲ್ಲಿದ್ದವನಿಗೆ, ಮೊದಲ ಮೂರು ಎಲೆ ತೆರೆದಾಗ ತನ್ನ ಎಲೆಗೆ ಜೊತೆ ಕೂಡುವುದು ಹೆಚ್ಚುಕಡಮೆ ಮೂರರಲ್ಲಿ ಒಂದು ಸಲ ಮಾತ್ರ. ಅಂದರೆ ಅನೇಕ ವೇಳೆ ಇಬ್ಬರ ಕೈಯಲ್ಲೂ ಹೇಳಿಕೊಳ್ಳುವಂಥದೇನೂ ಇರುವುದಿಲ್ಲ. ಆಗ ರಾಶಿ ಯಾರ ಪಾಲಾಗುತ್ತದೆ? ಮೊದಲು ಮುನ್ನುಗ್ಗಿದವನ ಪಾಲಾಗುತ್ತದೆ.

ಹಾಗಾದರೆ ಕಣ್ಣುಮುಚ್ಚಿ ನುಗ್ಗಿಬಿಡುವುದೇ? ಸರ್ವಥಾ ಅಲ್ಲ. ಹಣದ ಬದಲು ಹುಣಸೆ ಬೀಜಗಳನ್ನಿಟ್ಟು ಲೆಕ್ಕ ನೋಡೋಣ. ನಡುವಿನ ರಾಶಿಯಲ್ಲಿ ೧೦೦ ಬೀಜಗಳಿವೆ. ತೆರೆಯಬೇಕಾದ ಎಲೆ ಇನ್ನೊಂದೇ. ನಿಮ್ಮ ಎಲೆ ಏನೇನೂ ಸಾಲದು. ಆದರೂ ಧೈರ್ಯ ಮಾಡಿ ೫೦ ಬೀಜ ಪಣವೊಡ್ಡುತ್ತೀರಿ. ಇಂಥ ಸಂದರ್ಭ ೩೦ ಸಲ ಬಂದು, ಮೂರರಲ್ಲಿ ಒಂದು ಸಲ ಎದುರಾಳಿ ಹಿಂಜರಿದನೆನ್ನಿ. ಹತ್ತು ಸಲ ನೂರರಂತೆ ೧,೦೦೦ ಬೀಜ ಗಳಿಕೆ. ಇಪ್ಪತ್ತು ಸಲ ಐವತ್ತರಂತೆ ೧,೦೦೦ ಬೀಜ ನಷ್ಟ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಬರಿಯ ಹುಸಿ ಬೆದರಿಕೆಯ ಬೆಲೆ ಇಷ್ಟು.

ಈಗ ಅದೇ ಸಂದರ್ಭದಲ್ಲಿ ನಿಮ್ಮ ಎರಡು ಎಲೆ ಮತ್ತು ಮೇಜಿನ ನಾಲ್ಕು ಎಲೆ ಸೇರಿ ಆಟೀನು ಜಾತಿಯವು ನಾಲ್ಕಾಗಿವೆಯೆನ್ನಿ. ಐದನೆಯದು ಬಂದರೆ ನೀವು ಗೆದ್ದಂತೆಯೇ ಎಂದು ಭಾವಿಸೋಣ. ನೀವು ಕಾಣದ ೪೬ ಎಲೆಗಳಲ್ಲಿ ಆಟೀನು ಒಂಬತ್ತು. ಸ್ಥೂಲವಾಗಿ ಐದಕ್ಕೊಂದರ ಅವಕಾಶ. ಪಣವೊಡ್ಡದೆ ಕೊನೆಯ ಎಲೆಗಾಗಿ ಕಾದರೆ, ೩೦ ಸಲದಲ್ಲಿ ಆರು ಸಲ ಗೆದ್ದು ೬೦೦ ಬೀಜ ಪಡೆಯುವಿರಿ. ೫೦ ಬೀಜ ಒಡ್ಡಿದರೋ? ಎದುರಾಳಿ ಹಿಂಜರಿದ ಹತ್ತು ಸಲ ೧,೦೦೦. ಆತ ಸರಿಗಟ್ಟಿದ ಇಪ್ಪತ್ತರಲ್ಲಿ ನಾಲ್ಕು ಸಲ ಆಟೀನು ಬಂದು ನೂರೈವತ್ತರಂತೆ ೬೦೦. ಬಾರದ ಹದಿನಾರು ಸಲ ಐವತ್ತರಂತೆ ೮೦೦ ನಷ್ಟ. ಒಟ್ಟಿನಲ್ಲಿ ನಿವ್ವಳ ೮೦೦. ಕಾದು ಕುಳಿತವನಿಗಿಂತ ಮುನ್ನುಗ್ಗಿದವನಿಗೆ ಇನ್ನೂರು ಬೀಜ ಹೆಚ್ಚು! ಎಲೆಗಳು ಅವೇ, ಅದೃಷ್ಟವೂ ಅದೇ; ಬೇರೆಯಾದದ್ದು ಆಡಿದ ರೀತಿ.

ಈ ವಿಚಾರವನ್ನು ಗಣಿತದ ಪೀಠಕ್ಕೇರಿಸಿದವನು ಹಂಗೇರಿಯಲ್ಲಿ ಹುಟ್ಟಿದ ಜಾನ್ ವಾನ್ ನಾಯ್ಮನ್. ೧೯೨೮ರಲ್ಲಿ ಮನೆಯಾಟಗಳ ಸಿದ್ಧಾಂತವನ್ನು ಕುರಿತು ಪ್ರಬಂಧ ಬರೆದ ಈತ, ೧೯೪೪ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆಗೂಡಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಪೋಕರನ್ನು ವಿಸ್ತಾರವಾಗಿ ಪರಿಶೀಲಿಸಿದ. ಅವನು ಕಂಡ ಫಲಿತಾಂಶ ವಿಚಿತ್ರವಾದರೂ ಸತ್ಯ: ಹುಸಿ ಬೆದರಿಕೆ ಹಾಕಬೇಕಾದ್ದು ಮಧ್ಯಮ ದರ್ಜೆಯ ಎಲೆಯಿಂದಲ್ಲ, ತೀರ ಕೆಟ್ಟ ಎಲೆಯಿಂದ. ಮಧ್ಯಮದ ಎಲೆ ಪಣವಿಲ್ಲದೆಯೂ ಗೆದ್ದೀತು. ಕೆಟ್ಟ ಎಲೆಗೆ ಬೇರೆ ದಾರಿಯಿಲ್ಲ. ಮೇಲಾಗಿ, ಒಳ್ಳೆಯ ಎಲೆ ಬಂದಾಗ ಮಾತ್ರ ಪಣವೊಡ್ಡುವವನ ಗುಟ್ಟನ್ನು ಎಲ್ಲರೂ ಬಲ್ಲರು. ಅವನು ಒಡ್ಡಿದೊಡನೆ ಮಿಕ್ಕವರು ಎಲೆ ಇಟ್ಟುಬಿಡುತ್ತಾರೆ. ಆಗೊಮ್ಮೆ ಈಗೊಮ್ಮೆ ಹುಸಿ ಬೆದರಿಕೆ ಹಾಕುವವನ ನಿಜವಾದ ಪಣಕ್ಕೆ ಬೆಲೆ ಬರುತ್ತದೆ.

ಅಮೆರಿಕದ ಡಾಯ್ಲ್ ಬ್ರನ್ಸನ್ ೧೯೭೬ ಮತ್ತು ೧೯೭೭ರಲ್ಲಿ ಪೋಕರಿನ ವಿಶ್ವಸರಣಿಯ ಮುಖ್ಯ ಪಂದ್ಯವನ್ನು ಗೆದ್ದು, ಮರುವರ್ಷ ಈ ಮುನ್ನುಗ್ಗುವ ವಿಧಾನವನ್ನೇ ಗ್ರಂಥವಾಗಿಸಿದ. ೨೦೧೭ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಲಿಬ್ರಾಟಸ್ ಎಂಬ ಗಣಕಯಂತ್ರವು ನಾಲ್ವರು ವೃತ್ತಿಪರ ಆಟಗಾರರೊಡನೆ ೧,೨೦,೦೦೦ ಆಟಗಳನ್ನಾಡಿ ಗೆದ್ದಿತು. ಕೆಲವು ಸಲ ಅದು ರಾಶಿಯನ್ನು ಮೀರಿದ ಪಣವನ್ನು ನಿರ್ಭೀತಿಯಿಂದ ಒಡ್ಡುತ್ತಿತ್ತು. ಯಂತ್ರಕ್ಕೆ ಎದೆಯೆಲ್ಲಿಯದು? ಧೈರ್ಯವೆಂದು ನಾವು ಕರೆಯುವುದು ಅದರ ಪಾಲಿಗೆ ಕೇವಲ ಲೆಕ್ಕ.

ಆ ಲೆಕ್ಕ ತಪ್ಪುವುದು ಎಲ್ಲಿ? ಎದುರಾಳಿ ಎಂದೂ ಎಲೆ ಬಿಡದ ಹಟಮಾರಿಯಾದರೆ ಹುಸಿ ಬೆದರಿಕೆ ವ್ಯರ್ಥ. ಎದುರಿಗೆ ಮೂವರಿದ್ದು, ತಲಾ ಎರಡರಲ್ಲೊಂದು ಸಲ ಹಿಂಜರಿಯುವವರಾದರೂ, ಮೂವರೂ ಒಟ್ಟಿಗೆ ಹಿಂಜರಿಯುವುದು ಎಂಟರಲ್ಲೊಂದು ಸಲ. ಎಲ್ಲರಿಗಿಂತ ಕೊನೆಯ ಸರದಿಯವನು ಇತರರ ನಡೆ ಕಂಡು ಮುಂದುವರಿಯಬಲ್ಲ. ಮೊದಲ ಸರದಿಯವನಿಗೆ ಆ ಸೌಕರ್ಯವಿಲ್ಲ. ಎಲ್ಲಕ್ಕಿಂತ ಅಪಾಯಕರವಾದದ್ದು ಸೋತ ಸಿಟ್ಟು. ಕಳೆದುದನ್ನು ಈಗಲೇ ಮರಳಿ ಪಡೆಯುತ್ತೇನೆಂದು ಪಣ ಏರಿಸುವವನ ಕೈ ಮೇಲ್ನೋಟಕ್ಕೆ ಲೆಕ್ಕಿಗನ ಕೈಯಂತೆಯೇ ಕಾಣುತ್ತದೆ. ಒಳಗಿನ ವಿವೇಕ ಮಾತ್ರ ಆರಿಹೋಗಿರುತ್ತದೆ.

ಕೌಶಲವಿದ್ದ ಮಾತ್ರಕ್ಕೆ ಆಟ ನಿರಪಾಯವೇ? ಈ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನೂ ಕಾಡಿದೆ. ೧೯೬೭ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟು ೨೦೧೩ರಲ್ಲಿ ಹೇಳಿತು. ಗುಜರಾತಿನ ಹೈಕೋರ್ಟು ೨೦೧೭ರಲ್ಲಿ ಪೋಕರನ್ನು ಜೂಜೆಂದೇ ಪರಿಗಣಿಸಿತು. ಅಂತರ್ಜಾಲದಲ್ಲಿ ಪಣವಿಟ್ಟಾಡುವುದನ್ನು ತಡೆಯಲು ಕರ್ನಾಟಕ ಸರ್ಕಾರ ೨೦೨೧ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು ೨೦೨೨ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಕೊನೆಗೆ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಅಂತರ್ಜಾಲದ ಹಣದಾಟಗಳ ವಿಷಯದಲ್ಲಿ ಕೌಶಲ, ಅದೃಷ್ಟಗಳ ಭೇದವನ್ನೇ ಕೈಬಿಟ್ಟು, ಎರಡನ್ನೂ ನಿಷೇಧದ ವ್ಯಾಪ್ತಿಗೆ ತಂದಿತು.

ಗೃಹಸ್ಥರು ನೆನಪಿಡಬೇಕಾದ ಇನ್ನೊಂದು ಲೆಕ್ಕವಿದೆ. ನಾಲ್ವರು ಕುಳಿತು ಆಡಿದರೆ ಒಬ್ಬನ ಗಳಿಕೆ ಇನ್ನೊಬ್ಬನ ನಷ್ಟ. ಆಡಿಸುವವನು ರಾಶಿಯಿಂದ ತನ್ನ ಪಾಲು ತೆಗೆದನೆಂದರೆ ಆಡುವವರ ಒಟ್ಟು ಮೊತ್ತ ಕರಗುತ್ತಲೇ ಹೋಗುತ್ತದೆ. ಮೂವತ್ತು ಸಲದ ಸರಾಸರಿಯಲ್ಲಿ ಲಾಭ ತರುವ ನಡೆ ಇಂದಿನ ಒಂದೇ ಸಲದಲ್ಲಿ ಕೈಕೊಡಬಹುದು; ಮುಂದಿನ ಇಪ್ಪತ್ತೊಂಬತ್ತು ಸಲ ಆಡಲು ಬಂಡವಾಳ ಉಳಿಯದಿದ್ದರೆ ಲೆಕ್ಕ ಬಲ್ಲವನೂ ಸೋತಂತೆಯೇ. ಶಾಲೆಯ ಶುಲ್ಕ, ಮನೆಯ ಬಾಡಿಗೆಗಳನ್ನು ಮೂವತ್ತು ಸಲ ಪಣಕ್ಕೊಡ್ಡಲಾದೀತೆ?

ಸಭಾಪರ್ವದ ಧರ್ಮರಾಯನು ಪಣವನ್ನು ಏರಿಸುತ್ತಲೇ ಹೋದ, ಅಂಜಲಿಲ್ಲ, ಅಳುಕಲಿಲ್ಲ. ಆದರೆ ಆಟಕ್ಕೆ ಕರೆ ಬಂದದ್ದು ಹಸ್ತಿನಾವತಿಯಿಂದ. ದಾಳಗಳಿದ್ದದ್ದು ಶಕುನಿಯ ಕೈಯಲ್ಲಿ. ದೊಡ್ಡ ಪಣವೊಡ್ಡಿದವನು ಅವನೇ ಆದರೂ ಆಟ ನಡೆಸಿದವನು ಅವನಲ್ಲ. ನಡುವೆ ಒಮ್ಮೆಯಾದರೂ 'ಇಲ್ಲಿಗೆ ಸಾಕು' ಎಂದು ಎದ್ದಿದ್ದರೆ, ಆ ದಿನ ಅವನು ತೋರಬಹುದಾಗಿದ್ದ ಅತ್ಯಂತ ದೊಡ್ಡ ಧೈರ್ಯ ಅದೇ ಆಗುತ್ತಿತ್ತು.