ದೀಪ ಹಚ್ಚಿದ ಮೇಲಿನ ಕುರುಕಲು ತಿಂಡಿ

ನಿವೃತ್ತ ಶಿಕ್ಷಕರೊಬ್ಬರು ಕೆಲವು ತಿಂಗಳ ಹಿಂದೆ ಪತ್ನಿಯೊಡನೆ ನನ್ನಲ್ಲಿಗೆ ಬಂದಿದ್ದರು. ಮಧುಮೇಹ ಕಾಣಿಸಿಕೊಂಡು ಆರು ವರ್ಷಗಳಾಗಿದ್ದವು. ಅನ್ನವನ್ನು ಮಿತಗೊಳಿಸಿ ಎರಡು ಹೊತ್ತೂ ಜೋಳದ ರೊಟ್ಟಿ ಉಣ್ಣುತ್ತಿದ್ದರು. ನಸುಕಿನ ನಡಿಗೆಯನ್ನೂ ಗುಳಿಗೆಯನ್ನೂ ತಪ್ಪಿಸುತ್ತಿರಲಿಲ್ಲ. ಆದರೂ ಬೆಳಗಿನ ಬರಿಹೊಟ್ಟೆಯ ಸಕ್ಕರೆ ಪ್ರಮಾಣ 160ಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. ಗುಳಿಗೆ ಹೆಚ್ಚಿಸುವ ಮುನ್ನ, ರಾತ್ರಿ ಊಟವಾದ ಮೇಲೆ ಏನಾದರೂ ತಿನ್ನುವಿರಾ ಎಂದು ಕೇಳಿದೆ. ‘ಏನೂ ಇಲ್ಲ’ ಎಂದರು. ಪಕ್ಕದಲ್ಲಿದ್ದ ಪತ್ನಿ ಮೆಲುದನಿಯಲ್ಲಿ, ‘ಟಿ.ವಿ. ಮುಂದ ಕುಂತ್ರ ಚೂಡಾದ ಡಬ್ಬಿ ಕೈಯಾಗ ಇರತೈತ್ರಿ ಡಾಕ್ಟರ’ ಎಂದರು. ಶಿಕ್ಷಕರು ನಕ್ಕುಬಿಟ್ಟರು. ಅವರು ಸುಳ್ಳಾಡಿರಲಿಲ್ಲ, ಅದನ್ನು ತಿನ್ನುವುದೆಂದೇ ಎಣಿಸಿರಲಿಲ್ಲ.

ಹೊಲದಿಂದ ಮರಳಿ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಉಂಡು ಮಲಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಇಂದು ಮಧ್ಯಾಹ್ನ ಒಂದೂವರೆಗೆ ಉಂಡವರು ರಾತ್ರಿ ಒಂಬತ್ತೂವರೆಗೆ ಮತ್ತೆ ತಾಟಿನ ಮುಂದೆ ಕೂಡುತ್ತಾರೆ. ನಡುವಿನ ಎಂಟು ಗಂಟೆಗಳಲ್ಲಿ ಹಸಿವಾಗುವುದು ಸಹಜವೇ. ಆ ಹಸಿವಿಗೆ ಮಿರ್ಚಿ ಭಜಿಯೂ ಸಕ್ಕರೆ ಚಹಾವೂ ಉತ್ತರವಾಗುತ್ತವೆ. ಅದರಿಂದ ರಾತ್ರಿಯೂಟ ಇನ್ನಷ್ಟು ತಡವಾಗುತ್ತದೆ. ಉಂಡ ಮೇಲೂ ಬಾಯಿ ಏನನ್ನೋ ಬಯಸುತ್ತದೆ.

ದೇಹಕ್ಕೆ ತನ್ನದೇ ಆದ ಗಡಿಯಾರವುಂಟು. ಅದರ ಒಳಗುಟ್ಟನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ಕ್ಷೇತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಬೆಳಿಗ್ಗೆ ಸಕ್ಕರೆಯನ್ನು ಚೆನ್ನಾಗಿ ನಿಭಾಯಿಸುವ ಶರೀರ ರಾತ್ರಿಯಾದಂತೆ ಮಂದವಾಗುತ್ತದೆ. ನಿದ್ರೆಗೆ ಸಿದ್ಧಗೊಳಿಸುವ ಮೆಲಟೋನಿನ್ ಏರುವ ಹೊತ್ತಿನಲ್ಲಿ ಇನ್ಸುಲಿನ್ ಸ್ರವಿಸುವಿಕೆ ಕುಗ್ಗುತ್ತದೆ. ಆದ್ದರಿಂದಲೇ ಮುಂಜಾನೆ ತಿಂದ ತಿನಿಸನ್ನೇ ಅದೇ ಪ್ರಮಾಣದಲ್ಲಿ ರಾತ್ರಿ ಹತ್ತಕ್ಕೆ ತಿಂದರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ತಿಂದೊಡನೆ ಮಲಗಿದರೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ನುಗ್ಗಿ ಎದೆಯುರಿ ತರುವುದು ಬೇರೆ ಮಾತು. ಮಲಗುವುದಕ್ಕೆ ಎರಡು-ಮೂರು ಗಂಟೆ ಮೊದಲೇ ಊಟ ಮುಗಿಸಿರೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಹಸಿವೋ ಚಪಲವೋ ಎಂದು ತಿಳಿಯಲು ನಾನು ಹೇಳುವ ಪರೀಕ್ಷೆ ಸರಳ: ಈಗ ಬರಿಯ ಒಣ ರೊಟ್ಟಿ ಕೊಟ್ಟರೆ ತಿನ್ನುವೆನೇ ಎಂದು ಕೇಳಿಕೊಳ್ಳಿ. ತಿನ್ನುವೆನೆಂದರೆ ಹಸಿವು. ಬೇಡ, ಚೂಡಾನೇ ಬೇಕೆಂದರೆ ಒಂದು ಲೋಟ ನೀರು ಕುಡಿದು ಕಾಲು ಗಂಟೆ ಕಾಯಿರಿ. ನಿದ್ದೆಗೆಟ್ಟವರಲ್ಲಿ ಹಸಿವಿನ ಹಾರ್ಮೋನು ಹೆಚ್ಚುವುದರಿಂದ, ತಡರಾತ್ರಿಯವರೆಗೆ ಮೊಬೈಲ್ ಹಿಡಿದು ಕೂಡುವ ಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ನಿಜವಾದ ಪರಿಹಾರವಿರುವುದು ರಾತ್ರಿಯಲ್ಲಲ್ಲ, ಸಂಜೆ ಐದೂವರೆಯಲ್ಲಿ. ಆಗ ಸಿಪ್ಪೆಸಹಿತ ಹುರಿಗಡಲೆ ಒಂದು ಹಿಡಿ ತಿಂದರೆ, ಎಂದರೆ ಸುಮಾರು 30 ಗ್ರಾಂ, ಆರು ಗ್ರಾಂನಷ್ಟು ಪ್ರೋಟೀನ್ ದೊರೆತು ಊಟದವರೆಗೆ ಹೊಟ್ಟೆ ತಡೆಯುತ್ತದೆ. ಮಡಕಿಕಾಳಿನ ಉಸುಳಿ, ಮೊಳಕೆಯೊಡೆದ ಹೆಸರುಕಾಳು, ಪೇರಲಹಣ್ಣು, ಸೌತೆಕಾಯಿ ಇವೆಲ್ಲ ನಮ್ಮ ಸಂತೆಯಲ್ಲೇ ಸಿಗುವಂಥವು. ಪಂಚಮಿಗಷ್ಟೇ ನೆನಪಾಗುವ ಜೋಳದ ಅರಳನ್ನು ಉಳಿದ ತಿಂಗಳುಗಳಲ್ಲೇಕೆ ಮರೆಯುತ್ತೇವೋ ತಿಳಿಯದು! ಶೇಂಗಾ ಒಳ್ಳೆಯದೇ, ಆದರೆ 30 ಗ್ರಾಂನಲ್ಲಿ ಸುಮಾರು 170 ಕ್ಯಾಲೊರಿಗಳಿವೆ, ಎಣಿಸಿ ತಿನ್ನಬೇಕು. ಗಿರಮಿಟ್ಟನ್ನು ನಾನು ಬೇಡವೆನ್ನುವುದಿಲ್ಲ. ಚುರುಮರಿ ಬೇಗ ಸಕ್ಕರೆಯಾಗುವ ಪದಾರ್ಥವಾದ್ದರಿಂದ ಅದನ್ನು ಅರ್ಧಕ್ಕಿಳಿಸಿ, ಎಣ್ಣೆ ತಗ್ಗಿಸಿ, ಉಳ್ಳಾಗಡ್ಡಿ, ಟೊಮೆಟೊ, ಮೊಳಕೆಕಾಳು, ಪುಠಾಣಿ ಹಿಟ್ಟು ಹೆಚ್ಚಿಸಿದರಾಯಿತು. ಮಳೆಗಾಲದ ಭಜಿಯನ್ನೂ ಪೂರ್ತಿ ತ್ಯಜಿಸಬೇಕಿಲ್ಲ. ಆದರೆ ಕಪ್ಪಾಗಿ ಹೊಗೆಯಾಡುವ ಎಣ್ಣೆಯ ಬಾಣಲೆ ಕಂಡಲ್ಲಿ ನಿಲ್ಲಬೇಡಿ. ರಕ್ತದೊತ್ತಡದವರು ಉಪ್ಪನ್ನೂ ಗಮನಿಸಬೇಕು: ದಿನವೊಂದಕ್ಕೆ ಐದು ಗ್ರಾಂಗಿಂತ ಕಡಿಮೆಯಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶೇವು-ಚೂಡಾಗಳಲ್ಲಿ ಅದು ಅರಿವಿಲ್ಲದೆ ಒಳಸೇರುತ್ತದೆ.

ರಾತ್ರಿ ನಿಜವಾಗಿಯೂ ಹಸಿವಾದರೆ ತೆಳುಮಜ್ಜಿಗೆ ಅಥವಾ ಸಕ್ಕರೆಯಿಲ್ಲದ ಅರ್ಧ ಲೋಟ ಹಾಲು ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆಗಳನ್ನು ತೆಗೆದುಕೊಳ್ಳುವವರು ರಾತ್ರಿಯ ತಿನಿಸನ್ನು ವೈದ್ಯರನ್ನು ಕೇಳದೆ ಹಠಾತ್ತನೆ ನಿಲ್ಲಿಸಬಾರದು. ನಡುರಾತ್ರಿ ಬೆವರು, ಕೈನಡುಕ, ಗಲಿಬಿಲಿ ಕಂಡರೆ ಸಕ್ಕರೆ ಅಪಾಯಕಾರಿಯಾಗಿ ಇಳಿದಿರಬಹುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅಂಥ ಹೊತ್ತಿನಲ್ಲಿ ಪಥ್ಯದ ವಿಚಾರ ಸಲ್ಲದು.

ಶಿಕ್ಷಕರ ಪತ್ನಿ ಡಬ್ಬಿಯನ್ನು ಬಚ್ಚಿಡಲಿಲ್ಲ. ಅದರಲ್ಲಿ ಹುರಿಗಡಲೆ ತುಂಬಿ, ಟಿ.ವಿ. ಬಳಿಯಿಂದ ಅಡುಗೆಮನೆಗೆ ಸಾಗಿಸಿದರು. ರಾತ್ರಿಯೂಟ ಎಂಟಕ್ಕೆ ಬಂದಿತು. ಮೂರು ತಿಂಗಳ ನಂತರ ಬರಿಹೊಟ್ಟೆಯ ಸಕ್ಕರೆ 124 ಇತ್ತು, ಗುಳಿಗೆ ಹೆಚ್ಚಿಸಬೇಕಾಗಲಿಲ್ಲ. ಚೂಡಾ ಈಗ ರವಿವಾರ ಸಂಜೆ, ಮೊಮ್ಮಕ್ಕಳು ಬಂದಾಗ ಮಾತ್ರ.