ಅವ್ನೇನು ನೆಂಟನಾ?

ಹಾಸ್ಟೆಲಿಗೆ ಸೇರಿದ ಹೊಸತರಲ್ಲಿ ಪಕ್ಕದ ರೂಮಿನವರು ಟೇಬಲ್ ತುಂಬ ಪುಟ್ಟ ಸೈನಿಕರ ಗೊಂಬೆ ನಿಲ್ಲಿಸಿ, ದಾಳ ಉರುಳಿಸಿ ಯುದ್ಧದಾಟ ಆಡುತ್ತಿದ್ದರು. ಬಾಗಿಲಲ್ಲಿ ನಿಂತೆ. ‘ರೂಲ್ಸ್ ಗೊತ್ತಾ? ಇಲ್ಲಾಂದ್ರೆ ಸುಮ್ನೆ ನೋಡು’ ಅಂದರು. ಎರಡು ದಿನ ನೋಡಿದೆ. ಮೂರನೇ ದಿನ ಹೋಗಲಿಲ್ಲ.

ಈ ಸಲ ರಜೆಗೆ ದೇವಸಮುದ್ರಕ್ಕೆ ಬಂದಾಗ ನಾನೂ ಅದನ್ನೇ ಮಾಡಿದೆ! ಜಗಲಿಯಲ್ಲಿ ಚೌಕಾಬಾರ. ಸೀಮೆಸುಣ್ಣದಲ್ಲಿ ಬರೆದ 25 ಮನೆ, ಒಂದು ಮಗ್ಗುಲು ಬೆಳ್ಳಗಾಗುವಂತೆ ತೇಯ್ದ 4 ಹುಣಸೆಬೀಜ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ 8. ನಾಲ್ವರ ಆಟಕ್ಕೆ ಇದ್ದವರು ನಾನು, ತಮ್ಮ, ಅಜ್ಜಿ ಮೂವರೇ. ಎದುರು ಮನೆಗೆ ಹೊಸದಾಗಿ ಬಂದ ಹುಡುಗ ಕಂಬ ಹಿಡಿದು ನಿಂತಿದ್ದ. ‘ಬರುತ್ತಾ ನಿಂಗೆ?’ ಅಂದೆ. ಇಲ್ಲವೆಂದು ತಲೆಯಾಡಿಸಿದ. ‘ಹಂಗಾದ್ರೆ ನೋಡ್ಕಂಡಿರು.’

ಅಜ್ಜಿಗೆ ಸಿಟ್ಟು ಬಂತು. ‘ನೋಡಿದ್ರೆ ಯಾರಿಗ್ ಬಂದೈತೆ? ಬೀಜ ಅವ್ನ ಕೈಗೆ ಕೊಡು.’ ನಾಲ್ಕನೇ ಬದಿಗೆ ಅವನನ್ನು ಕೂರಿಸಿಕೊಂಡಳು. ಕಟ್ಟೆಮನೆಯಲ್ಲಿರುವ ಕಾಯಿ ಕಡಿಯುವಂತಿಲ್ಲ, ಒಂದನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದನ್ನೆಲ್ಲ ಆ ಪ್ರಸಂಗ ಬಂದಾಗಲೇ ಹೇಳಿದಳು. (ನಾನಾಗಿದ್ದರೆ ಮೊದಲೇ ಲೆಕ್ಚರ್ ಹೊಡೆದು ಹುಡುಗನನ್ನು ಓಡಿಸುತ್ತಿದ್ದೆ.)

ಪಾಪ ಹೊಸಬ ಅಂತ ಅವನ ಕಾಯಿ ಕಡಿಯದೆ ಬಿಟ್ಟೆ. ಅದಕ್ಕೂ ಬೈಸಿಕೊಂಡೆ: ‘ಕಡಿಯೋ, ಅವ್ನೇನು ನೆಂಟನಾ?’

ಕಡಿದೆ. ಸ್ವಲ್ಪ ಹೊತ್ತಿಗೆ ಅವನೂ ನನ್ನದನ್ನು ಕಡಿದು ಜಗಲಿ ಹಾರಿಹೋಗುವಂತೆ ಕೂಗಿದ.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಇಂಥ ಮಣೆಯಾಟಗಳನ್ನು ‘ಕ್ರೀಡಾ ಕೌಶಲ್ಯ’ ಪ್ರದರ್ಶನದಲ್ಲಿ ಇಡುತ್ತಾರೆ. ನಮ್ಮ ಜಗಲಿಗೆ ಮಾತ್ರ ನಾಲ್ಕನೆಯವನೇ ಬೇಕಿತ್ತು. ಮರುದಿನ ಅವನು ತಂಗಿಯನ್ನೂ ಕರೆತಂದ. ಕಾಯಿ ಸಾಲದೆ ಬಳೆಚೂರು ಹುಡುಕಿದೆವು.