ವಾಹನಕ್ಕೆ ಜಿಪಿಎಸ್: ಅಂಗಡಿಯಲ್ಲಲ್ಲ, ಕೊಟ್ಟಿಗೆಯ ಮುಂದೆ ಪರೀಕ್ಷಿಸಿ



ಕರು ಹಾಕಿದ ಎರಡು ಮೂರು ದಿನದೊಳಗೆ ಹಸು ಹಾಲುಜ್ವರದಿಂದ ನೆಲ ಹಿಡಿದರೆ, ಸಕಾಲದಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟಾಗ ಹೆಚ್ಚಿನ ಹಸುಗಳು ಎದ್ದು ನಿಲ್ಲುತ್ತವೆ. ತಡವಾದರೆ ಪ್ರಜ್ಞೆ ತಪ್ಪಿ ಕೈಬಿಟ್ಟು ಹೋಗುತ್ತವೆ. ಹೊಟ್ಟೆಯುಬ್ಬರದಲ್ಲಿ ಸಿಗುವ ಸಮಯ ಇನ್ನೂ ಕಡಿಮೆ. ಔಷಧ ಬ್ಯಾಗಿನಲ್ಲಿರುತ್ತದೆ, ವೈದ್ಯರೂ ಹೊರಟಿರುತ್ತಾರೆ, ಗಾಡಿ ಮಾತ್ರ ಕವಲುದಾರಿಯಲ್ಲಿ ನಿಂತಿರುತ್ತದೆ. ‘ಅರಳೀಮರದ ಹತ್ರ ಎಡಕ್ಕೆ’ ಎಂದು ನೀವು ಫೋನಿನಲ್ಲಿ ಹೇಳಿದ್ದು ನಿಜ. ಮಳೆಗಾಲದ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬೆಳಕಿನಲ್ಲಿ ಎಲ್ಲ ಮರವೂ ಒಂದೇ. ಖನಿಜ ಮಿಶ್ರಣ, ಜಂತುನಾಶಕಗಳ ಬಗ್ಗೆ ಬರೆಯಬೇಕಾದ ಈ ಪುಟದಲ್ಲಿ ಜಿಪಿಎಸ್ ಬಗ್ಗೆ ಬರೆಯುವುದಕ್ಕೆ ಇದೇ ಕಾರಣ. ಪಿಕ್‌ಅಪ್ ಇಟ್ಟುಕೊಂಡಿರುವ ಸದಸ್ಯರು, ‘ಸಾರ್, ಗಾಡಿಗೆ ಯಾವ ಜಿಪಿಎಸ್ ಹಾಕಿಸಲಿ?’ ಎಂದು ಕೇಳುವುದೂ ಈಚೆಗೆ ಹೆಚ್ಚಾಗಿದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಅಂಗಡಿಯಲ್ಲಿ ಜಿಪಿಎಸ್ ಎಂದು ಕೇಳಿದರೆ ಎರಡು ಬೇರೆಬೇರೆ ವಸ್ತುಗಳನ್ನು ತೋರಿಸುತ್ತಾರೆ. ಒಂದು ಟ್ರ್ಯಾಕರ್. ಅದರೊಳಗೆ ಸಿಮ್ ಇರುತ್ತದೆ, ಗಾಡಿ ಎಲ್ಲಿದೆ ಎಂದು ಮನೆಯಲ್ಲಿ ಕುಳಿತ ಮಾಲೀಕನಿಗೆ ತಿಳಿಸುತ್ತದೆ, ಅದಕ್ಕೆ ಆಗಾಗ ಶುಲ್ಕ ಕಟ್ಟಬೇಕು. ಚಾಲಕನಿಗೆ ದಾರಿ ತೋರಿಸುವುದು ಅದರ ಕೆಲಸವಲ್ಲ. ಇನ್ನೊಂದು ನ್ಯಾವಿಗೇಷನ್ ಸಾಧನ: ಗಾಜಿನ ಮುಂದೆ ಅಂಟಿಸುವ, ಪರದೆಯಿರುವ, ಎಡ ಬಲ ಹೇಳುವ ಯಂತ್ರ. ದಾರಿಗಾಗಿ ಹೋಗಿ ಟ್ರ್ಯಾಕರ್ ತಂದರೆ ದುಡ್ಡು ದಂಡ.

ದಾರಿ ತೋರಿಸುವ ಯಂತ್ರದಲ್ಲೂ ಎರಡು ಭಾಗಗಳಿವೆ. ‘ನಾನು ಎಲ್ಲಿದ್ದೇನೆ’ ಎಂಬುದು ಅದಕ್ಕೆ ಉಪಗ್ರಹದಿಂದ ಗೊತ್ತಾಗುತ್ತದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಕ್ಕರೆ ಯಂತ್ರ ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ನಮ್ಮ ಇಸ್ರೋದ ನಾವಿಕ್ ಸಂಕೇತವನ್ನು ಹಿಡಿಯುವ ಫೋನುಗಳೂ ಈಗ ಬಂದಿವೆ. ಇದಕ್ಕೆ ಸಿಮ್ ಬೇಡ, ಟವರ್ ಬೇಡ, ರೀಚಾರ್ಜ್ ಬೇಡ. ಎರಡನೆಯ ಭಾಗ ನಕ್ಷೆ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿಲ್ಲದಿದ್ದರೆ ಅದಕ್ಕೆ ಇಂಟರ್ನೆಟ್ ಬೇಕು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ‘ಜಿಪಿಎಸ್ ಸತ್ತುಹೋಯ್ತು’ ಎನ್ನುವವರ ಫೋನಿನಲ್ಲಿ ಸಾಮಾನ್ಯವಾಗಿ ಜಿಪಿಎಸ್ ಬದುಕಿಯೇ ಇರುತ್ತದೆ, ನಕ್ಷೆ ಬಂದಿರುವುದಿಲ್ಲ ಅಷ್ಟೆ.

ಹಾಗಾದರೆ ಪ್ರತ್ಯೇಕ ಯಂತ್ರ ಬೇಕೇ? ನನ್ನ ಅಭಿಪ್ರಾಯ ಕೇಳಿದರೆ, ಹಾಲು ಹಾಕಿ ಮೇವು ತರುವಷ್ಟಕ್ಕೆ ಓಡಾಡುವ ಕುಟುಂಬಕ್ಕೆ ಬೇಡ. ಕೈಯಲ್ಲಿರುವ ಸ್ಮಾರ್ಟ್‌ಫೋನಿಗೇ ನಮ್ಮ ಜಿಲ್ಲೆ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಆಫ್‌ಲೈನ್ ನಕ್ಷೆಯನ್ನು ವೈಫೈ ಇರುವ ಕಡೆ ಇಳಿಸಿಕೊಳ್ಳಿ, ಒಂದು ಗಟ್ಟಿ ಸ್ಟ್ಯಾಂಡ್ ಹಾಕಿಸಿ. ಇಳಿಸಿದ ನಕ್ಷೆಗೆ ವಾಯಿದೆ ಇರುತ್ತದೆ, ಆಗಾಗ ಅಪ್‌ಡೇಟ್ ಮಾಡಬೇಕು. ಆದರೆ ಹಸು ಕೊಳ್ಳಲು ಹೊರ ಜಿಲ್ಲೆಗೆ, ಒಣಮೇವಿಗೆ ದೂರದೂರಿಗೆ, ಬೇರೆಬೇರೆ ಚಾಲಕರ ಕೈಲಿ ಗಾಡಿ ಓಡಿಸುವವರಿಗೆ ಪ್ರತ್ಯೇಕ ಯಂತ್ರದಿಂದ ಅನುಕೂಲವಿದೆ. ಕರೆ ಬಂದಾಗ ನಕ್ಷೆ ಮರೆಯಾಗುವುದಿಲ್ಲ, ಫೋನಿನ ಬ್ಯಾಟರಿ ಉಳಿಯುತ್ತದೆ, ಚಾಲಕ ಬದಲಾದರೂ ಯಂತ್ರ ಗಾಡಿಯಲ್ಲೇ ಇರುತ್ತದೆ. ಅಂದಹಾಗೆ, ಚಾಲನೆಯ ವೇಳೆ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಗಮನ ಕೆಡದ ರೀತಿಯಲ್ಲಿ ಬಳಸಬಹುದು ಎಂದು ಕೇಂದ್ರ ಮೋಟಾರು ವಾಹನ ನಿಯಮ 2020ರಲ್ಲಿ ತಿದ್ದುಪಡಿಯಾಗಿದೆ. ಸ್ಟಿಯರಿಂಗ್ ಬಿಟ್ಟು ಕೈಯಲ್ಲಿ ಹಿಡಿದು ನೋಡುವುದಕ್ಕೆ ಅದು ಪರವಾನಗಿ ಅಲ್ಲ.

ಕೊಳ್ಳುವವರು ಪರದೆಯನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ಮೆಚ್ಚಬೇಡಿ, ಹೊರಗೆ ಬಿಸಿಲಿಗೆ ತಂದು ನೋಡಿ. 5 ಇಂಚಿಗಿಂತ ಚಿಕ್ಕದಾದರೆ ಕುಲುಕಾಡುವ ಗಾಡಿಯಲ್ಲಿ ಓದಲಾಗದು. ಒಳಗಿನ ಬ್ಯಾಟರಿ ಹೆಚ್ಚು ಹೊತ್ತು ಬಾರದು, ಗಾಡಿಯ ಕರೆಂಟೇ ಆಧಾರ; ಪಿಕ್‌ಅಪ್‌ನಲ್ಲಿ 12 ವೋಲ್ಟ್, ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುವುದರಿಂದ ಎರಡಕ್ಕೂ ಒಗ್ಗುವ ಚಾರ್ಜರ್ ಕೇಳಿ ಪಡೆಯಿರಿ. ಕನ್ನಡದಲ್ಲಿ ಮಾತಾಡುತ್ತದೆಯೇ ಎಂದು ಕೇಳಿ, ಕೇಳಿದ ಮೇಲೆ ಮಾತಾಡಿಸಿಯೂ ನೋಡಿ.

ಇದೆಲ್ಲಕ್ಕಿಂತ ಮುಖ್ಯ, ನಕ್ಷೆಯ ನವೀಕರಣ ಉಚಿತವೇ, ಎಷ್ಟು ವರ್ಷ ಎಂಬುದು. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಹಿಂದಿನ ನಕ್ಷೆಯಿರುವ ಯಂತ್ರಕ್ಕೆ ಆ ಸೇತುವೆಯೇ ಗೊತ್ತಿಲ್ಲ. ತುಮರಿ ಕಡೆಗೆ ಹೊರಟವರನ್ನು ಅದು ಲಾಂಚಿಗೇ ಕಳಿಸೀತು, ಇಲ್ಲವೇ ಹಿನ್ನೀರು ಸುತ್ತಿಸೀತು. ನವೀಕರಣವಿಲ್ಲದ ಯಂತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ನಾನಂತೂ ಕೊಳ್ಳಿ ಎನ್ನಲಾರೆ.

ಯಂತ್ರಕ್ಕೆ ನಿಮ್ಮ ಗಾಡಿಯ ಉದ್ದ, ತೂಕ ಗೊತ್ತಿರುವುದಿಲ್ಲ ಎಂಬುದೂ ನೆನಪಿರಲಿ. ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ದಾರಿ ಕೇಳಿದರೆ ಅದು ಆಗುಂಬೆ ಘಾಟಿಯನ್ನೇ ತೋರಿಸುತ್ತದೆ. ಕಾರಿಗೆ ಸರಿ; ಅಲ್ಲಿನ 14 ಹೇರ್‌ಪಿನ್ ತಿರುವುಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. ಗಬ್ಬದ ಹಸುವನ್ನು ಹೇರಿಕೊಂಡು ‘ಹತ್ತಿರದ ದಾರಿ’ ಎಂಬ ಆಸೆಗೆ ಬೀಳಬೇಡಿ. ಹತ್ತು ಹದಿನೈದು ಕಿ.ಮೀ. ಸುತ್ತಾದರೂ ತಿರುವು ಕಡಿಮೆಯಿರುವ ರಸ್ತೆಯೇ ಅದಕ್ಕೆ ಹಿತ.

ಯಂತ್ರವಾಗಲಿ ಫೋನಾಗಲಿ, ಪರೀಕ್ಷೆ ಮಾಡಬೇಕಾದ ಜಾಗ ನಿಮ್ಮ ಕೊಟ್ಟಿಗೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಲೊಕೇಶನ್ ಮಾತ್ರ ಆನ್ ಇಟ್ಟು, ಆಕಾಶ ಕಾಣುವ ಅಂಗಳದಲ್ಲಿ ಅಲುಗಾಡದೆ ನಿಲ್ಲಿ. ಟವರಿನ ನೆರವಿಲ್ಲದಾಗ ಉಪಗ್ರಹದಿಂದಲೇ ವಿವರ ಇಳಿಸಿಕೊಳ್ಳಬೇಕಾದ್ದರಿಂದ ಅರ್ಧ ನಿಮಿಷದಿಂದ ಹಲವು ನಿಮಿಷ ಹಿಡಿಯಬಹುದು. ದಟ್ಟ ಅಡಿಕೆ ತೋಟದ ನಡುವೆ, ತಗಡಿನ ಮಾಡಿನ ಕೆಳಗೆ ಇನ್ನೂ ತಡ. ನಕ್ಷೆಯ ಮೇಲಿನ ನೀಲಿ ಚುಕ್ಕೆಯ ಸುತ್ತ ದೊಡ್ಡ ವೃತ್ತ ಕಂಡರೆ ಅದಕ್ಕಿನ್ನೂ ಖಾತ್ರಿಯಿಲ್ಲ ಎಂದರ್ಥ. ವೃತ್ತ ಕುಗ್ಗುವವರೆಗೆ ಕಾಯಿರಿ.

ಹಾಗೆ ನಿಂತಾಗ ಇನ್ನೊಂದು ಕೆಲಸ ಮುಗಿಸಿಬಿಡಿ. ನಕ್ಷೆಯಲ್ಲಿ ನೀವಿರುವ ಜಾಗವನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಬರುತ್ತವೆ. ಅದು ನಿಮ್ಮ ಕೊಟ್ಟಿಗೆಯ ಅಕ್ಷಾಂಶ ಮತ್ತು ರೇಖಾಂಶ. ಊರ ಹೆಸರಿಗಿಂತ ಅದು ಎಷ್ಟೋ ಮೇಲು. ಕೊಪ್ಪ ಎಂದರೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ, ಮದ್ದೂರು ತಾಲ್ಲೂಕಿನಲ್ಲೂ ಇದೆ, ಹೊಸಹಳ್ಳಿಗಳಂತೂ ಎಷ್ಟಿವೆಯೋ. ದಶಾಂಶ ಬಿಂದುವಿನ ನಂತರ 5 ಅಂಕಿ ಬರೆದುಕೊಳ್ಳಿ. ಮೂರೇ ಅಂಕಿ ಬರೆದರೆ ಸುಮಾರು 100 ಮೀಟರ್ ಆಚೀಚೆ ಆದೀತು, ಹಳ್ಳದ ಆಚೆ ದಡವೋ ಈಚೆ ದಡವೋ ತಿಳಿಯದು. ಕರ್ನಾಟಕದೊಳಗಾದರೆ ಮೊದಲ ಸಂಖ್ಯೆ 11ರಿಂದ 19ರೊಳಗೆ, ಎರಡನೆಯದು 74ರಿಂದ 79ರೊಳಗೆ ಇರಬೇಕು. ಇಲ್ಲದಿದ್ದರೆ ಬರೆಯುವಾಗ ತಪ್ಪಾಗಿದೆ.

ಒಂದು ಎಚ್ಚರ: ಕೆಲವು ಯಂತ್ರಗಳು ಡಿಗ್ರಿ–ನಿಮಿಷದ ಲೆಕ್ಕ ಕೇಳುತ್ತವೆ. ತೀರ್ಥಹಳ್ಳಿ ಪಟ್ಟಣದ ಅಕ್ಷಾಂಶ ಸುಮಾರು 13.69, ಡಿಗ್ರಿ–ನಿಮಿಷದಲ್ಲಿ ಅದು 13 ಡಿಗ್ರಿ 41 ನಿಮಿಷ. ಅದನ್ನೇ 13.41 ಎಂದು ಒತ್ತಿದರೆ ಗಾಡಿ 31 ಕಿ.ಮೀ. ದಕ್ಷಿಣಕ್ಕೆ, ಶೃಂಗೇರಿ ಕಡೆಗೆ ಹೋಗಿಬಿಡುತ್ತದೆ. ಕೊಳ್ಳುವಾಗಲೇ ಸೆಟ್ಟಿಂಗ್‌ನಲ್ಲಿ ದಶಾಂಶಕ್ಕೆ ಬದಲಿಸಿಕೊಡಲು ಹೇಳಿ.

ತೋಟದ ಮನೆಯವರು ತುರ್ತಿನಲ್ಲಿ ಮಾಡುವುದೇನು? ನೆಟ್‌ವರ್ಕ್ ಸಿಗುವ ರಸ್ತೆಗೆ ಓಡಿಬಂದು, ಅಲ್ಲಿಂದ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸುತ್ತಾರೆ. ವೈದ್ಯರು ಬಂದು ನಿಲ್ಲುವುದು ಆ ರಸ್ತೆಯಲ್ಲೇ. ಹಸು ಇರುವುದು ಎರಡು ಕಿ.ಮೀ. ಒಳಗೆ. ಮೊದಲೇ ಕೊಟ್ಟಿಗೆಯಲ್ಲಿ ನಿಂತು ಬರೆದಿಟ್ಟ ಸಂಖ್ಯೆಯಾದರೆ ಎಲ್ಲಿಂದ ಬೇಕಾದರೂ, ಸಾದಾ ಎಸ್‌ಎಂಎಸ್‌ನಲ್ಲೂ ಕಳಿಸಬಹುದು, 1962 ಸಹಾಯವಾಣಿಗೆ ಕರೆ ಮಾಡಿದಾಗ ಬಾಯಲ್ಲೂ ಹೇಳಬಹುದು. ಜತೆಗೆ ಜೀಪು ಎಲ್ಲಿಯವರೆಗೆ ಬರುತ್ತದೆ, ಮಳೆಗಾಲದಲ್ಲಿ ಯಾವ ಮೋರಿ ಮುಳುಗುತ್ತದೆ ಎಂಬುದನ್ನೂ ಹೇಳಿ. ಅದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ.

ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ, ವೈದ್ಯರ ಫೋನ್ ನಂಬರಿನ ಪಕ್ಕದಲ್ಲೇ ಪೇಂಟಿನಲ್ಲಿ ಬರೆಸಿ. ನೀವು ಊರಲ್ಲಿಲ್ಲದ ದಿನ ಮನೆಯಲ್ಲಿರುವವರು ಓದಿ ಹೇಳಲಿ. ಇನ್ನೊಂದು ಪ್ರತಿ ನಿಮ್ಮ ಸಂಘದ ಕಾರ್ಯದರ್ಶಿಯವರ ಬಳಿ ಇರಲಿ. ಸದಸ್ಯರ ಪುಸ್ತಕದಲ್ಲಿ ಹೆಸರಿನ ಮುಂದೆ ಅದಕ್ಕೆ ಒಂದು ಅಂಕಣ ಎಳೆಯುವಂತೆ ಮುಂದಿನ ಸಭೆಯಲ್ಲಿ ಕೇಳಿ.